ಎರಿ ಹೊಲದ ಗಾಡಿಗೆ ಹಿಮದ ಟೈರು

"ವರ್ಷದಾಗ ಎಷ್ಟ ದಿನ ಬರ್ಫ್ ಮ್ಯಾಲ ಗಾಡಿ ಓಡಸ್ತೀರಿ ಸಾಬ್?"

ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನ ಟೈರ್ ಅಂಗಡಿ ಚಾಚಾ ಇದನ್ನು ತಮಾಷೆಗೆ ಕೇಳಲಿಲ್ಲ. ಅಕ್ಟೋಬರ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಬಿಸಿಲು ಇನ್ನೂ ನೆತ್ತಿ ಸುಡುತ್ತಿತ್ತು. ನಾನು ಬೆವರು ಒರೆಸಿಕೊಳ್ಳುತ್ತಾ "ವಿಂಟರ್ ಟೈರ್ ಸಿಗ್ತಾವೇನು ಚಾಚಾ, ಜರಾ ಸಸ್ತಾದವು" ಅಂತ ಕೇಳಿದ್ದೆ. ಪಕ್ಕದಲ್ಲಿ ಲಾರಿ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ ಹುಡುಗ ಕಿಸಕ್ಕನೆ ನಕ್ಕ. ಚಾಚಾ ನಗಲಿಲ್ಲ. ನಾನು ಲೆಕ್ಕ ಹಾಕಿ, ಎಂಟು ದಿನ ಅಂದೆ.

"ಮತ್ತ ಉಳದ ಮುನ್ನೂರಾ ಐವತ್ತೇಳ ದಿನ?"

ಅಷ್ಟು ಕೇಳಿ ಅವರು ಪಾನಾ ಹಿಡಿದು ತಮ್ಮ ಕೆಲಸಕ್ಕೆ ಹೋದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕಲಿಕ್ಕೆ ಎರಡು ತಿಂಗಳು ಹಿಡಿಯಿತು, ಆ ಎರಡು ತಿಂಗಳಲ್ಲಿ ಟೈರಿನ ಬಗ್ಗೆ ನಾನು ಓದಿದಷ್ಟು ನನ್ನ ಡಿಗ್ರಿ ಪರೀಕ್ಷೆಗೂ ಓದಿರಲಿಲ್ಲ.

ಹಿನ್ನೆಲೆ ಇಷ್ಟು. ನನ್ನದು 2014ರ ಮಾಡೆಲ್ ಹಳೇ ಥಾರ್, ಸೆಕೆಂಡ್ ಹ್ಯಾಂಡ್. ಟೈರ್ ಅಳತೆ 235/70 ಆರ್16. ವಾರಪೂರ್ತಿ ಕಲಬುರಗಿಯಲ್ಲಿ ಮನೆ, ಆಫೀಸು, ಮಕ್ಕಳ ಶಾಲೆ. ಭಾನುವಾರ ಜೇವರ್ಗಿ ತಾಲೂಕಿನ ನಮ್ಮ ಹೊಲ. ಬೀದರ್‌ನಲ್ಲಿರುವ ಒಬ್ಬ ಗೆಳೆಯ, ಅವನಿಗೆ ಹಿಮಾಲಯದ ಹುಚ್ಚು, ಫೆಬ್ರವರಿಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗೋಣ, ನಿನ್ನ ಗಾಡಿ ಫೋರ್ ಬೈ ಫೋರ್ ಅದಲ್ಲ, ಅಂತ ಗಂಟು ಬಿದ್ದ. ಹಳೇ ಟೈರು ಹೇಗೂ ಬೋಳಾಗಿದ್ದವು. ಹೊಸವು ಹಾಕಿಸೋದು ಇದ್ದೇ ಇದೆ, ಹಿಮಕ್ಕೂ ಆಗುವಂಥವು ಹಾಕಿಸಿದರೆ ಒಂದೇ ಖರ್ಚು ಅಂತ ನನ್ನ ಜಾಣತನ. ಮನೆಯಾಕೆ ಕೊಟ್ಟ ಬಜೆಟ್ ಐವತ್ತು ಸಾವಿರ, ಅದರ ಮೇಲೆ ಒಂದು ರೂಪಾಯಿ ಹೋದರೂ ಸ್ಪಿತಿಗೆ ಬಸ್ಸಲ್ಲಿ ಹೋಗಬೇಕು ಅಂತ ಕರಾರು.

ಮೊದಲು ನನಗೇ ಇದ್ದ ತಪ್ಪು ತಿಳಿವಳಿಕೆ ಹೇಳಿಬಿಡ್ತೀನಿ. ವಿಂಟರ್ ಟೈರ್ ಅಂದರೆ ದೊಡ್ಡ ದೊಡ್ಡ ಬಟನ್, ಅಂದರೆ ಮೈ ಮೇಲೆ ಎದ್ದು ನಿಂತ ರಬ್ಬರಿನ ತುಂಡು ಇರುವ, ನೋಡಿದರೆ ಹೆದರಿಕೆ ಹುಟ್ಟಿಸುವ ಟೈರ್ ಅಂದುಕೊಂಡಿದ್ದೆ. ಅಲ್ಲ. ಅದರ ಮುಖ್ಯ ಗುಟ್ಟು ಇರೋದು ಬಟನ್‌ನಲ್ಲಿ ಅಲ್ಲ, ರಬ್ಬರಿನಲ್ಲಿ. ಮಾಮೂಲಿ ಟೈರಿನ ರಬ್ಬರು ಚಳಿ ಹೆಚ್ಚಿದಂತೆ ಬಿಗಿಯುತ್ತಾ ಹೋಗುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದು ಕೆಲಸಕ್ಕೆ ಬಾರದಷ್ಟು ಗಟ್ಟಿಯಾಗತೊಡಗುತ್ತದೆ ಅಂತ ಟೈರಿನವರು ಲೆಕ್ಕ ಇಟ್ಟಿದ್ದಾರೆ. ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲಿಕ್ಕೆ ರೊಟ್ಟಿಗಿಂತ ಒಳ್ಳೆ ಉದಾಹರಣೆ ಇಲ್ಲ. ಹಂಚಿನಿಂದ ತೆಗೆದ ಬಿಸಿ ಜೋಳದ ರೊಟ್ಟಿ ತಟ್ಟೆಯ ಏರುತಗ್ಗಿಗೆಲ್ಲ ಅಂಟಿಕೊಂಡು ಕೂತುಬಿಡುತ್ತದೆ. ಕಡಕ್ ರೊಟ್ಟಿಯನ್ನು ಅದೇ ತಟ್ಟೆಯಲ್ಲಿ ಇಟ್ಟು ನೋಡಿ, ನಾಲ್ಕು ಕಡೆ ತಾಗುತ್ತದೆ, ಬೆರಳಲ್ಲಿ ತಳ್ಳಿದರೆ ಜಾರುತ್ತದೆ. ಸೊನ್ನೆಗಿಂತ ಕೆಳಗೆ ಹೋದ ನಮ್ಮ ಊರಿನ ಟೈರು ಕಡಕ್ ರೊಟ್ಟಿ. ವಿಂಟರ್ ಟೈರಿನಲ್ಲಿ ಸಹಜ ರಬ್ಬರು ಮತ್ತು ಸಿಲಿಕಾ ಹೊಂದಿಸಿ ಕಲಸಿರುತ್ತಾರೆ, ಮೈನಸ್‌ನಲ್ಲೂ ಅದು ಬಿಸಿ ರೊಟ್ಟಿಯಂತೆ ಮೆತ್ತಗೆ ಇರಲಿ ಅಂತ.

ಹಾಗಾದರೆ ಬೀದರ್‌ಗೂ ವಿಂಟರ್ ಟೈರ್ ಬೇಕಲ್ಲೋ ಅಂತ ಗೆಳೆಯನಿಗೆ ಚೇಷ್ಟೆ ಮಾಡಿದೆ. ಡಿಸೆಂಬರ್ ಬೆಳಗಿನ ಜಾವ ಅಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯೋದು ಹೊಸದೇನಲ್ಲ, ಕೋಟೆ ಸುತ್ತ ವಾಕಿಂಗ್ ಹೋಗುವವರು ಕಿವಿ ಮುಚ್ಚಿಕೊಂಡೇ ಹೋಗ್ತಾರೆ. ಆದರೆ ಹತ್ತು ಗಂಟೆಗೆ ಬಿಸಿಲು ಬಿತ್ತು ಅಂದರೆ ಎಲ್ಲ ಮುಗೀತು. ಏಪ್ರಿಲ್, ಮೇನಲ್ಲಿ ಕಲಬುರಗಿ 42, 43 ಮುಟ್ಟುತ್ತದೆ, ಡಾಂಬರು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆ ರಸ್ತೆ ಮೇಲೆ ವಿಂಟರ್ ಟೈರಿನ ಮೆತ್ತನೆ ರಬ್ಬರು ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆಯುತ್ತದೆ. ಸವೆಯೋದೊಂದೇ ಅಲ್ಲ, ಬ್ರೇಕ್ ಹೊಡೆದಾಗ ಬಟನ್‌ಗಳು ಓಲಾಡಿ ಗಾಡಿ ನಿಲ್ಲಲಿಕ್ಕೆ ಜಾಸ್ತಿ ದೂರ ಬೇಕಾಗುತ್ತದೆ.

ಎರಡನೇ ಗುಟ್ಟು ನನಗೆ ಬಹಳ ಇಷ್ಟವಾಗಿದ್ದು. ವಿಂಟರ್ ಟೈರಿನ ಪ್ರತಿ ಬಟನ್ ಮೇಲೂ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳು ಇರುತ್ತವೆ. ಸೈಪ್ ಅಂತಾರೆ. ಗಾಡಿಯ ಭಾರ ಬಿದ್ದಾಗ ಈ ಸೀಳು ಬಾಯಿ ಬಿಟ್ಟು ಹಿಮವನ್ನು ಕಚ್ಚುತ್ತವೆ. ಕಚ್ಚಿದ ಹಿಮ ಸೀಳಿನಲ್ಲಿ, ಬಟನ್ ನಡುವಿನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ತುಂಬಿಕೊಂಡರೆ ಕೆಟ್ಟಿತಲ್ಲ ಅಂತ ನನಗೆ ಅನಿಸಿತ್ತು. ತಿರುಗಾಮುರುಗಾ! ಹಿಮಕ್ಕೆ ಹಿಮ ಅಂಟಿಕೊಳ್ಳುವಷ್ಟು ಗಟ್ಟಿಯಾಗಿ ಹಿಮಕ್ಕೆ ರಬ್ಬರು ಅಂಟಿಕೊಳ್ಳುವುದಿಲ್ಲ. ಮಕ್ಕಳು ಹಿಮದ ಉಂಡೆ ಕಟ್ಟುತ್ತಾರಲ್ಲ, ಅದೇ ತತ್ವ. ಟೈರಿನ ಮೈಯಲ್ಲಿ ಕೂತ ಹಿಮ ನೆಲದ ಹಿಮವನ್ನು ಹಿಡಿಯುತ್ತದೆ. ಅಂದರೆ ಒಳ್ಳೆ ವಿಂಟರ್ ಟೈರು ಹಿಮವನ್ನು ಹಿಡಿದಿಟ್ಟುಕೊಳ್ಳಬೇಕು.

ಈ ಕೆಲಸಕ್ಕೆ ಕೈ ಹಾಕಿದ ಮೊದಲಿಗರು ಫಿನ್ಲೆಂಡ್‌ನವರು. 1934ರಲ್ಲಿ ಲಾರಿಗಳಿಗೆ ಅಂತ ಹಿಮದ ಟೈರು ಮಾಡಿದರು, 1936ರಲ್ಲಿ ಕಾರಿಗೂ ಬಂತು. ಆ ಕಾರಿನ ಟೈರಿಗೆ ತಮ್ಮ ಹಳೇ ಕುದುರೆ ದಂಡಿನ ಹೆಸರು ಇಟ್ಟರು, ಹಕ್ಕಾಪೆಲಿಟ್ಟಾ ಅಂತ. ಮಗಳು ಒಂದು ವಾರ ಮನೆತುಂಬ ಅದನ್ನೇ ಒದರಿಕೊಂಡು ಓಡಾಡಿದಳು.

ಟೈರು ಹಿಮವನ್ನು ಹಿಡಿದಿಟ್ಟುಕೊಳ್ಳಬೇಕು ಅಂತ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದರೆ ನಗಬೇಡಿ. ಯಾಕೆಂದರೆ ನನಗೆ ಗೊತ್ತಿದ್ದ ಟೈರಿನ ಪಾಠ ಇದಕ್ಕೆ ಪೂರಾ ಉಲ್ಟಾ ಇತ್ತು. ಆ ಪಾಠ ಕಲಿಸಿದ್ದು ಎಳ್ಳ ಅಮಾಸಿ.

ನಮ್ಮ ಕಡೆ ಎಳ್ಳ ಅಮಾಸಿ ಅಂದರೆ ಗೊತ್ತಲ್ಲ, ಮನೆಗೆ ಮನೆಯೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ, ಎಲ್ಲ ಬುಟ್ಟಿ ತುಂಬಿಕೊಂಡು ಹೋಗಿ ಬೆಳೆಗೆ ಚರಗ ಚೆಲ್ಲಿ ಅಲ್ಲೇ ಕೂತು ಊಟ. ಗಾಡಿ ತೊಗೊಂಡ ಮೊದಲ ವರ್ಷ, ನಾನು ಗತ್ತಿನಿಂದ ಹೆಂಗಸರು ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹೊರಟೆ. ಹಿಂದಿನ ರಾತ್ರಿ ಅಕಾಲಿಕವಾಗಿ ಒಂದು ಹದ ಮಳೆ ಬಿದ್ದಿತ್ತು. ಜಾಸ್ತಿ ಏನಿಲ್ಲ, ಧೂಳು ಅಡಗುವಷ್ಟಕ್ಕಿಂತ ತುಸು ಹೆಚ್ಚು. ಕಾಕಾ ಎತ್ತಿನ ಬಂಡಿಯಲ್ಲಿ ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿ, "ತಮ್ಮಾ, ಗಾಡಿ ರೋಡಿನ ಮ್ಯಾಲೇ ಬಿಡು, ಎರಿ ಅದ" ಅಂದರು. ಕೇಳಲಿಲ್ಲ. ಫೋರ್ ಬೈ ಫೋರ್ ಕಾಕಾ ಇದು, ಅಂದೆ.

ಎರಿ, ಅಂದರೆ ನಮ್ಮ ಕಪ್ಪು ಮಣ್ಣು, ನೋಡದವರಿಗೆ ಒಂದು ಮಾತು. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಕೈ ತೂರಿಸುವಷ್ಟು ಬಾಯಿ ತೆರೆಯುತ್ತದೆ, ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ. ಈ ಮಣ್ಣಿನ ಜೇಡಿ ನೀರು ಕುಡಿದು ಹಿಗ್ಗುವ ಜಾತಿಯದು. ಅದಕ್ಕೇ ಮಳೆ ನಿಂತು ತಿಂಗಳಾದರೂ ತೇವ ಹಿಡಿದಿಟ್ಟು ಹಿಂಗಾರಿ ಜೋಳ, ಕಡಲೆ ಬೆಳೆಸುತ್ತದೆ, ಅದಕ್ಕೇ ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಷ್ಟು ಹೆಸರು. ಹೊಟ್ಟೆಗೆ ಹಾಕುವ ಮಣ್ಣೇ ಗಾಲಿಗೂ ಹಿಡಿದುಕೊಳ್ಳುತ್ತದೆ, ಏನು ಮಾಡೋದು. ನನ್ನ ಗಾಡಿಗೆ ಆಗ ಇದ್ದದ್ದು ಎಚ್‌ಟಿ, ಅಂದರೆ ಡಾಂಬರಿಗೆ ಅಂತ ಮಾಡಿದ ನುಣ್ಣನೆ ಟೈರು. ಹೊಲದ ಬದುವಿನಿಂದ ಇಳಿದು ಹತ್ತು ಮಾರು ಹೋಗಿರಬೇಕು. ಟೈರಿನ ಸಂದಿಯಲ್ಲಿ ಮಣ್ಣು ತುಂಬಿತು, ತುಂಬಿದ ಮಣ್ಣಿಗೆ ಇನ್ನಷ್ಟು ಮಣ್ಣು ಅಂಟಿತು, ಆಮೇಲೆ ನನ್ನ ಗಾಡಿಗೆ ಟೈರು ಅನ್ನೋದೇ ಇರಲಿಲ್ಲ, ನಾಲ್ಕು ಕರೀ ಉಂಡೆ ಇದ್ದವು. ನಾಲ್ಕೂ ಗಾಲಿ ಪ್ರಾಮಾಣಿಕವಾಗಿ ತಿರುಗುತ್ತಿದ್ದವು. ಗಾಡಿ ಮಾತ್ರ ನಿಂತಲ್ಲೇ ಅಡ್ಡಡ್ಡ ಜಾರುತ್ತಿತ್ತು.

ಕೊನೆಗೆ ಪಕ್ಕದ ಹೊಲದವರ ಟ್ರಾಕ್ಟರ್ ಬಂದು ಎಳೆಯಿತು. ಅಷ್ಟರಲ್ಲಿ ಕಾಕಾನ ಎತ್ತಿನ ಬಂಡಿ ಹೊಲ ಮುಟ್ಟಿ, ಪೂಜೆ ಆಗಿ, ಭಜ್ಜಿ ಆರಿತ್ತು. ಅವರು ಏನೂ ಅನ್ನಲಿಲ್ಲ, ರೊಟ್ಟಿ ಕೊಡುತ್ತಾ ಎತ್ತಿನ ಕಡೆ ನೋಡಿ ಸುಮ್ನೆ ನಕ್ಕರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ನೋಡಿ. ಕೆಸರಿನ ಟೈರು ಮಣ್ಣನ್ನು ಕೊಡವಿ ಎಸೆಯಬೇಕು. ಅದಕ್ಕೇ ಎಂಟಿ ಟೈರಿನಲ್ಲಿ, ಅಂದರೆ ಕೆಸರಿಗೆಂದೇ ಮಾಡಿದ್ದರಲ್ಲಿ, ಬಟನ್ ದೊಡ್ಡವು, ನಡುವೆ ಜಾಗ ಅಗಲ, ಗಾಲಿ ತಿರುಗಿದಾಗ ಮಣ್ಣು ತಾನೇ ಸಿಡಿದು ಹೋಗಲಿ ಅಂತ. ಹಿಮದ ಟೈರು ಹಿಮವನ್ನು ಹಿಡಿದಿಟ್ಟುಕೊಳ್ಳಬೇಕು. ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಬೇಡ. ಆದರೆ ಟೈರಿನ ಪಕ್ಕೆಯಲ್ಲಿ ಎರಡನ್ನೂ ಒಂದೇ ಗುರುತಿನಲ್ಲಿ ಬರೆದಿಟ್ಟಿರುತ್ತಾರೆ: ಎಂ ಪ್ಲಸ್ ಎಸ್. ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ! ಯಾರೋ ಬೆಕ್ಕಿಗೂ ಇಲಿಗೂ ಒಂದೇ ರೇಷನ್ ಕಾರ್ಡ್ ಮಾಡಿಸಿದ ಹಾಗೆ.

ಆ ಎಂ ಪ್ಲಸ್ ಎಸ್ ಗುರುತನ್ನು ನಂಬಿ ಮೋಸ ಹೋಗುವವರು ಬಹಳ. ಅದು ಟೈರಿನ ಮೇಲ್ಮೈ ಹೇಗೆ ಕೆತ್ತಿದೆ, ಖಾಲಿ ಜಾಗ ಎಷ್ಟಿದೆ ಅನ್ನುವುದರ ಮೇಲೆ ಹಾಕುವ ಗುರುತು. ಹಿಮದ ಮೇಲೆ ಓಡಿಸಿ ನೋಡಿರಲೇಬೇಕು ಅಂತಿಲ್ಲ. ಓಡಿಸಿ ನೋಡಿದ್ದಕ್ಕೆ ಇನ್ನೊಂದು ಗುರುತು ಇದೆ, 1999ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾಗಿದ್ದು. ಮೂರು ಶಿಖರ ಇರುವ ಗುಡ್ಡದ ಚಿತ್ರ, ಅದರೊಳಗೆ ಒಂದು ಹಿಮದ ಹರಳು. ಒಂದು ಮಾದರಿ ಟೈರಿನ ಜೊತೆ ಹೋಲಿಸಿ ಹಿಮದ ಮೇಲೆ ಕನಿಷ್ಠ ಶೇಕಡಾ 10 ಜಾಸ್ತಿ ಹಿಡಿತ ತೋರಿಸಿದರೆ ಮಾತ್ರ ಆ ಗುಡ್ಡ ಸಿಗುತ್ತದೆ. ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಗಾಡಿ ಇಳಿಸಬೇಕಾದರೆ ಈಗ ಗುಡ್ಡದ ಗುರುತೇ ಬೇಕು, ಬರೀ ಎಂ ಪ್ಲಸ್ ಎಸ್ ನಡೆಯೋದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಡ್ಡಾಯ. ಆದರೆ ಈ ಗುಡ್ಡವೂ ಹಿಮಕ್ಕೆ ಮಾತ್ರ ಕೊಟ್ಟ ಮಾತು, ಕಲ್ಲಿನಂತೆ ಹೆಪ್ಪುಗಟ್ಟಿದ ಮಂಜುಗಡ್ಡೆಗೆ ಅಲ್ಲ. ಈ ವ್ಯತ್ಯಾಸ ನನಗೆ ಓದಿದಾಗ ತಲೆಗೆ ಹೋಗಲಿಲ್ಲ, ಆಮೇಲೆ ಹೋಯಿತು.

ಹಾಗಾದರೆ ಎಂಟಿ ಹಾಕಿಸಿಬಿಡಲಾ? ನೋಡಲಿಕ್ಕೆ ಭಾರಿ ಇರುತ್ತದೆ, ಸುಳ್ಳು ಹೇಳಲ್ಲ, ಆಸೆ ಆಗಿತ್ತು. ಆಳವಾದ ಮೆತ್ತನೆ ಹಿಮದಲ್ಲಿ ಅದು ಅಗೆದುಕೊಂಡು ಹೋಗುತ್ತದೆ. ತುಳಿದು ತುಳಿದು ಗಟ್ಟಿಯಾದ ಹಿಮ, ಮಂಜುಗಡ್ಡೆ ಬಂತು ಅಂದರೆ ಸೀಳಿಲ್ಲದ ಆ ದೊಡ್ಡ ಬಟನ್‌ಗಳು ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿಗಟ್ಟಿದ ಮೆಟ್ಟಿಲು ಇಳಿದ ಹಾಗೆ. ಮೇಲೆ ಡಾಂಬರಿನ ಮೇಲೆ ಗುಂಯ್ ಅಂತ ಸದ್ದು, ಡೀಸೆಲ್ ಜಾಸ್ತಿ, ಸವೆತ ಬೇಗ.

ನಿಜವಾದ ವಿಂಟರ್ ಟೈರೇ ತರಿಸೋಣ ಅಂದರೆ ಅದು ಬೇರೆ ಕತೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಟೈರುಗಳನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ಅಂದಿನಿಂದ ಆಮದಿಗೆ ಲೈಸೆನ್ಸ್ ಬೇಕು. ಮೇಲೆ ನಮ್ಮಲ್ಲಿ ಮಾರುವ ಟೈರಿಗೆ ಐಎಸ್ಐ ಗುರುತು ಬೇರೆ ಕಡ್ಡಾಯ. ಇಡೀ ದೇಶದಲ್ಲಿ ನಾಲ್ಕು ಜನ ಕೇಳುವ ಮಾಲಿಗೆ ಇಷ್ಟೆಲ್ಲ ಯಾರು ಮಾಡ್ತಾರೆ? ಸಿಕ್ಕರೂ ನನ್ನ ಬಜೆಟ್ ಒಳಗೆ ಬರುವ ಮಾತೇ ಅಲ್ಲ. ಬಂದರೂ ಕೇಳಿ: ಕಲಬುರಗಿಯಿಂದ ನಾಂದೇಡ್, ನಾಗಪುರ, ಝಾನ್ಸಿ, ಆಗ್ರಾ, ದಿಲ್ಲಿ ಹಿಡಿದು ಶಿಮ್ಲಾ ಮುಟ್ಟಲಿಕ್ಕೆ ಹೆಚ್ಚುಕಡಿಮೆ ಎರಡು ಸಾವಿರ ಕಿಲೋಮೀಟರ್. ಹೋಗಿ ಬರುವಾಗ ನಾಲ್ಕು ಸಾವಿರ. ಬಹುಪಾಲು ಒಣ ಡಾಂಬರು. ನಾನೂರು ಕಿಲೋಮೀಟರ್ ಹಿಮಕ್ಕಾಗಿ ನಾಲ್ಕು ಸಾವಿರ ಕಿಲೋಮೀಟರ್ ಟೈರು ಉಜ್ಜುವುದು. ಚಾಚಾ ಕೇಳಿದ್ದು ಇದನ್ನೇ ಅಂತ ಆಗ ಹೊಳೆಯಿತು.

ನಡುವೆ ಒಂದು ಸಲ ಕೈ ಸುಟ್ಟುಕೊಂಡೆ, ಅದನ್ನೂ ಹೇಳಬೇಕು. ಬೇರೆ ಊರಿನ ಒಂದು ಅಂಗಡಿ, ಹೆಸರು ಬೇಡ, ಫೋನಿನಲ್ಲಿ ಬಹಳ ಕಮ್ಮಿ ರೇಟು ಹೇಳಿತು. ಎರಡು ಟೈರಿಗೆ ಮುಂಗಡ ಕಳಿಸಿದೆ. ಬಂದವು, ಮಿಣಮಿಣ ಹೊಳೆಯುತ್ತಿದ್ದವು. ಚಾಚಾ ಪಕ್ಕೆಯ ಮೇಲೆ ಹೆಬ್ಬೆರಳು ಇಟ್ಟು ನಾಲ್ಕು ಅಂಕಿ ತೋರಿಸಿದರು. ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ಇರುತ್ತದೆ ಅದು. ಮೊದಲೆರಡು ವಾರ, ಕೊನೆಯೆರಡು ವರ್ಷ. 3521 ಅಂತಿದ್ದರೆ 2021ರ ಮೂವತ್ತೈದನೇ ವಾರ ಹುಟ್ಟಿದ್ದು. ನನ್ನವು ಐದು ವರ್ಷ ಗೋಡೌನಿನಲ್ಲಿ ಕೊಳೆತವು. "ಹೊಸ ಹಳೇವು" ಅಂದರು ಚಾಚಾ. ರಬ್ಬರು ಓಡಿಸದಿದ್ದರೂ ಮುದಿಯಾಗುತ್ತದೆ, ಗಟ್ಟಿಯಾಗುತ್ತದೆ. ಚಳಿಗೆ ಮೆತ್ತಗಿರಬೇಕು ಅಂತ ಟೈರು ಹುಡುಕುವವನು ಮೊದಲೇ ಗಟ್ಟಿಯಾದದ್ದನ್ನು ತೊಗೊಂಡಿದ್ದೆ. ಹದಿನೈದು ದಿನ ಜಗಳ ಆಡಿ ವಾಪಸ್ ಕಳಿಸಿದೆ, ಸಾಗಾಣಿಕೆ ದುಡ್ಡು ನನ್ನ ತಲೆ ಮೇಲೆ. ಸಸ್ತಾ ಟೈರು ಹುಡುಕುವವರಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ: ರೇಟು ಕೇಳುವ ಮೊದಲು ಆ ನಾಲ್ಕು ಅಂಕಿಯ ಫೋಟೊ ಕೇಳಿ. ಕಳಿಸಲಿಕ್ಕೆ ಸತಾಯಿಸಿದರೆ ಫೋನ್ ಇಟ್ಟುಬಿಡಿ. ಮತ್ತೆ ರಿಮೋಲ್ಡ್, ಅಂದರೆ ಹಳೇದಕ್ಕೆ ಹೊಸ ರಬ್ಬರು ಹೊದಿಸಿದ ಟೈರಿನ ಮಾತು ಇಂಥ ಪ್ರಯಾಣಕ್ಕೆ ಬೇಡವೇ ಬೇಡ.

ಕೊನೆಗೆ ಉಳಿದದ್ದು ಎಟಿ. ಅರ್ಧ ಡಾಂಬರು, ಅರ್ಧ ಕಚ್ಚಾ ರಸ್ತೆಗೆ ಅಂತ ಮಾಡಿದ್ದು. ಅಪೊಲೊ ಆಪ್ಟೆರಾ, ಸಿಯೆಟ್ ಕ್ರಾಸ್‌ಡ್ರೈವ್, ಯೊಕೊಹಾಮಾ ಜಿಯೋಲ್ಯಾಂಡರ್, ಇಂಥವು ನಮ್ಮ ದೇಶದಲ್ಲೇ ಸಿಗುತ್ತವೆ. ಎಟಿ ಅಂತ ಬರೆದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಚಾಚಾನ ಅಂಗಡಿಯಲ್ಲಿ ಎರಡು ತಾಸು ನೆಲಕ್ಕೆ ಕೂತು ನಾನು ನೋಡಿದ್ದು ಎರಡೇ: ಬಟನ್ ಮೇಲೆ ಸೀಳು ಎಷ್ಟಿವೆ, ಆ ಸೀಳು ಎಷ್ಟು ಆಳಕ್ಕೆ ಇಳಿದಿವೆ. ಕೆಲವಲ್ಲಿ ಸೀಳು ಬರೀ ಮೇಲೆ ಗೀರಿದ್ದು, ಹತ್ತು ಸಾವಿರ ಕಿಲೋಮೀಟರ್‌ಗೆ ಅಳಿಸಿಹೋಗುತ್ತವೆ. ಗುಡ್ಡದ ಗುರುತನ್ನೂ ಕಣ್ಣಲ್ಲೇ ನೋಡಬೇಕು, ಒಂದೇ ಹೆಸರಿನ ಟೈರಿನಲ್ಲಿ ಒಂದು ಅಳತೆಗೆ ಇದ್ದು ಇನ್ನೊಂದಕ್ಕೆ ಇಲ್ಲದೆ ಇರಬಹುದು, ಜಾಹೀರಾತು ನಂಬಿ ಕೂರಬೇಡಿ. ನಾಲ್ಕು ಟೈರು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿ ₹42,000 ಆಯಿತು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದ್ದು ನನ್ನ ಪುಣ್ಯ. ಹಳೇದರಲ್ಲಿ ಚೆನ್ನಾಗಿದ್ದ ಒಂದನ್ನೇ ಸ್ಟೆಪ್ನಿಗೆ ಇಟ್ಟೆ.

ಉಳಿದ ದುಡ್ಡಿನಲ್ಲಿ, ಜಾರದಂತೆ ಟೈರಿನ ಸುತ್ತ ಕಟ್ಟುವ ಹಿಮದ ಚೈನು, ಎರಡು ಜೋಡಿ. ಜೋಡಿಗೆ ಮೂರೂವರೆ ಸಾವಿರ. ಅಂದರೆ ಒಟ್ಟು ₹49,000. ಮನೆಯಾಕೆ ಬಿಲ್ಲು ಎರಡು ಸಲ ಕೂಡಿ ನೋಡಿದಳು.

ಹೊರಡುವ ಮೊದಲು ಹವಾದ ಲೆಕ್ಕ ಮಾಡಿ ಕೂತಿದ್ದೆ, ಅದು ನನಗೆ ಸಿಕ್ಕ ಒಂದು ಸಣ್ಣ ಖುಷಿ. ಕಲಬುರಗಿಯಲ್ಲಿ 30 ಡಿಗ್ರಿ ಬಿಸಿಲಲ್ಲಿ 30 ಪಾಯಿಂಟ್ ಹವಾ ತುಂಬಿದರೆ, ಹತ್ತು ಡಿಗ್ರಿ ಇಳಿದಂತೆಲ್ಲ ಒಂದೂವರೆ ಪಾಯಿಂಟ್ ಇಳಿಯುತ್ತದೆ. ಮೈನಸ್ 15ಕ್ಕೆ ಹೋದರೆ ಆರೂವರೆ ಪಾಯಿಂಟ್ ಖಾಲಿ. ಆದರೆ ನಾವು ಮುಟ್ಟಬೇಕಾದ ಸ್ಪಿತಿಯ ಕಾಜಾ ಊರು ಇರೋದು 3,600 ಮೀಟರಿಗಿಂತ ಎತ್ತರದಲ್ಲಿ, ನಮ್ಮ ಕಲಬುರಗಿ ಸುಮಾರು 450ರಲ್ಲಿ. ಅಲ್ಲಿ ಹೊರಗಿನ ಗಾಳಿಯೇ ತೆಳು, ಹೊರಗಿನಿಂದ ಒತ್ತುವುದು ಕಮ್ಮಿ, ಹಾಗಾಗಿ ಮೀಟರು ನಾಲ್ಕೂವರೆ ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಕಳೆದು ಕೂಡಿದರೆ ಎರಡು ಪಾಯಿಂಟ್ ಮಾತ್ರ ಕಮ್ಮಿ! ಚಳಿ ಕಸಿದದ್ದನ್ನು ಗುಡ್ಡ ವಾಪಸ್ ಕೊಡುತ್ತದೆ. ಕಾಜಾದಲ್ಲಿ ಬೆಳಿಗ್ಗೆ ಮೀಟರ್ ಹಿಡಿದು ನೋಡಿದೆ, 28. ಚಳಿಯಲ್ಲಿ ಕುಣಿದೆ, ಗೆಳೆಯ ಕ್ಯಾಮೆರಾ ತೆಗೆಯುವಷ್ಟರಲ್ಲಿ ನಿಲ್ಲಿಸಿದೆ.

ಪ್ರಯಾಣದ ಕತೆ ಇಲ್ಲಿ ಬೇಡ, ಟೈರಿನ ಮಟ್ಟಿಗೆ ಹೇಳ್ತೀನಿ. ಚಳಿಗಾಲದಲ್ಲಿ ಕುಂಜುಮ್ ಪಾಸ್ ಮುಚ್ಚಿರುತ್ತದೆ, ಹಾಗಾಗಿ ಮನಾಲಿ ಕಡೆಯಿಂದ ದಾರಿ ಇಲ್ಲ, ಶಿಮ್ಲಾದಿಂದ ಕಿನ್ನೌರ್ ಹಿಡಿದೇ ಹೋಗಬೇಕು. ರೆಕಾಂಗ್ ಪಿಯೋ ದಾಟಿ ನಾಕೋ ಹತ್ತಿರ ಬರುವವರೆಗೆ ಎಟಿ ಟೈರು ಏನೂ ತಕರಾರು ಮಾಡಲಿಲ್ಲ. ಹೊಸ ಹಿಮದ ಮೇಲೆ ಫೋರ್ ಬೈ ಫೋರ್ ಹಾಕಿ ಏರು ಹತ್ತಿದಾಗ ನನಗೆ ಅಹಂಕಾರ ಬಂತು. ಅದೇ ಎಳ್ಳ ಅಮಾಸಿಯ ಅಹಂಕಾರ, ಅದೇ ಗಾಡಿ.

ನಾಕೋ ಬಿಟ್ಟು ಒಂದು ಇಳಿಜಾರು. ಗುಡ್ಡದಿಂದ ಹಗಲು ಕರಗಿದ ನೀರು ರಸ್ತೆ ಮೇಲೆ ಹರಿದು ಸಂಜೆಗೆ ಹೆಪ್ಪುಗಟ್ಟಿತ್ತು. ನೋಡಿದರೆ ಒದ್ದೆ ಡಾಂಬರಿನಂತೆ ಕಾಣುತ್ತದೆ, ಕಪ್ಪಗೆ, ನಮ್ಮ ಎರಿ ಮಣ್ಣು ಮಳೆಯಲ್ಲಿ ಹೊಳೆಯುವ ಹಾಗೆ. ಇಪ್ಪತ್ತರ ವೇಗದಲ್ಲಿ ಬ್ರೇಕ್ ಮುಟ್ಟಿದೆ. ಗಾಡಿ ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿತು, ಮೂತಿ ತಿರುಗಲಿಲ್ಲ. ಒಳಗೆ ಯಾರೂ ಮಾತಾಡಲಿಲ್ಲ. ಬ್ರೇಕ್ ಬಿಟ್ಟೆ, ಗಾಡಿ ತಾನೇ ಗುಡ್ಡದ ಬದಿಯ ಹಿಮದ ರಾಶಿಗೆ ಹೋಗಿ ಮೆತ್ತಗೆ ಮೂಗು ಹೂತಿತು. ಕಣಿವೆ ಇನ್ನೊಂದು ಬದಿಯಲ್ಲಿತ್ತು, ಅದು ನಮ್ಮ ಹಿರಿಯರ ಪುಣ್ಯ ಅನ್ನಬೇಕು, ನನ್ನ ಡ್ರೈವಿಂಗ್ ಅಲ್ಲ.

ನಾಲ್ಕು ಗಾಲಿಗೆ ಶಕ್ತಿ ಹೋಗುವ ಗಾಡಿಗೂ ಎರಡು ಗಾಲಿಗೆ ಹೋಗುವ ಗಾಡಿಗೂ ವ್ಯತ್ಯಾಸ ಇರೋದು ಮುಂದೆ ಹೋಗುವಾಗ ಮಾತ್ರ. ಬ್ರೇಕು ಎಲ್ಲ ಕಾರಿಗೂ ನಾಲ್ಕೂ ಗಾಲಿಗೆ ಇದ್ದೇ ಇರುತ್ತದೆ. ನಿಲ್ಲಿಸುವಾಗ ಥಾರ್ ಏನು, ಆಲ್ಟೊ ಏನು, ನೆಲಕ್ಕೆ ತಾಗಿದ ಅಂಗೈ ಅಗಲದ ನಾಲ್ಕು ತುಂಡು ರಬ್ಬರೇ ಗತಿ. ಫೋರ್ ಬೈ ಫೋರ್ ನಿಮ್ಮನ್ನು ಹಿಮದ ಒಳಗೆ ಇನ್ನಷ್ಟು ದೂರ ಕರೆದುಕೊಂಡು ಹೋಗಿ ಬಿಡುತ್ತದೆ, ಅಷ್ಟೇ. ಗುಡ್ಡದ ಗುರುತು ಮಂಜುಗಡ್ಡೆಗೆ ಕೊಟ್ಟ ಮಾತಲ್ಲ ಅಂತ ಓದಿದ್ದು ಅಲ್ಲಿ ತಲೆಗೆ ಹೋಯಿತು.

ಹಿಂದಿನಿಂದ ಬಂದ ಸ್ಥಳೀಯ ಟ್ಯಾಕ್ಸಿಯವರು ನಿಲ್ಲಿಸಿ, ಚೈನು ಇದೆಯಾ ಅಂತ ಕೇಳಿದರು. ಡಿಕ್ಕಿಯಲ್ಲಿ ಇತ್ತು, ಪ್ಯಾಕ್ ಸಮೇತ. ಅವರ ಮುಖ ನೋಡಬೇಕಿತ್ತು. ಬೆರಳು ಮರಗಟ್ಟಿ, ಕತ್ತಲಾಗುತ್ತಾ, ನಾವಿಬ್ಬರು ಮುಕ್ಕಾಲು ತಾಸು ಒದ್ದಾಡಿದ ಕೆಲಸವನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರು. ಚೈನು ಹಾಕೋದನ್ನು ಮನೆಯ ಅಂಗಳದಲ್ಲಿ, ಬಿಸಿಲಲ್ಲಿ, ನಾಲ್ಕು ಸಲ ಹಾಕಿ ತೆಗೆದು ಕಲಿತೇ ಹೊರಡಬೇಕು. ಕೈಗವಸು ಹಾಕಿಕೊಂಡೇ ಕಲಿಯಬೇಕು. ಅವರು ಇನ್ನೊಂದು ಮಾತು ಹೇಳಿದರು: ಕಡು ಚಳಿಯ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿ ಹತ್ತಿರದ್ದು ಜಾಸ್ತಿ ಅಪಾಯ, ಮೇಲೆ ನೀರಿನ ಪೊರೆ ಇರುತ್ತದೆ. ಆಮೇಲೆ ಉಳಿದ ದಾರಿ ಹದಿನೈದು ಇಪ್ಪತ್ತರ ವೇಗ. ಬರೀ ಡಾಂಬರು ಬಂದರೆ ಇಳಿದು ಬಿಚ್ಚೋದು, ಹಿಮ ಬಂದರೆ ಮತ್ತೆ ಹಾಕೋದು. ಬಿಚ್ಚದೆ ಓಡಿಸಿದರೆ ಚೈನೂ ಹರಿಯುತ್ತದೆ, ಟೈರೂ ಹಾಳು. ತಾಬೋ ಮುಟ್ಟುವ ಹೊತ್ತಿಗೆ ಗೆಳೆಯನೂ ನಾನೂ ಹತ್ತು ನಿಮಿಷದವರಾಗಿದ್ದೆವು.

ವಾಪಸ್ ಬಂದು ಚಾಚಾನಿಗೆ ಟೈರು ತೋರಿಸಿದೆ. ಆಳ ಅಳೆದರು. ಸವೆತ ಒಂದು ಮಿಲಿಮೀಟರೂ ಇಲ್ಲ. ನಮ್ಮ ಕಾನೂನಿನ ಪ್ರಕಾರ ಕಾರಿನ ಟೈರು 1.6 ಮಿಲಿಮೀಟರ್‌ವರೆಗೆ ಓಡಿಸಬಹುದು, ಆದರೆ ಹಿಮಕ್ಕೆ 4 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಹೋಗಬಾರದು ಅಂತ ಟೈರು ತಿಳಿದವರು ಹೇಳೋದು. ಹಿಮ ತುಂಬಿಕೊಳ್ಳಲಿಕ್ಕೆ ಜಾಗ ಬೇಕಲ್ಲ. ಬರ್ಫ್ ಹೆಂಗಿತ್ತು ಅಂತ ಕೇಳಿದರು. ನಮ್ಮ ಎರಿ ಇದ್ದಂಗೇ ಅದ ಚಾಚಾ, ಅಂದೆ. ಅರ್ಧ ನಿಜ, ಅರ್ಧ ಸುಳ್ಳು.

ಅರ್ಧ ನಿಜ ಅಂದದ್ದು ಯಾಕೆ ಅಂತ ಮುಂದಿನ ಎಳ್ಳ ಅಮಾಸಿಗೆ ಗೊತ್ತಾಯಿತು. ಈ ಸಲ ಮಳೆ ಇರಲಿಲ್ಲ, ಆದರೆ ಹಿಂದಿನ ದಿನ ಕಡಲೆಗೆ ನೀರು ಬಿಟ್ಟಿದ್ದು ದಾರಿಗೆ ಹರಿದು ಹತ್ತು ಮಾರು ಕೆಸರು. ಎಟಿ ಟೈರು ಎಚ್‌ಟಿಗಿಂತ ಮುಂದೆ ಹೋಯಿತು, ನಿಜ, ಅರ್ಧ ದಾರಿ ಹೋಗಿ ಅದೂ ಉಂಡೆ ಕಟ್ಟಿತು. ನಾನು ಇಳಿದು ನಿಂತೆ. ಕಾಕಾ ಹಿಂದೆ ಡಿಕ್ಕಿಯಲ್ಲಿ ಬುಟ್ಟಿ ಇಳಿಸುತ್ತಿದ್ದವರು ಚೈನು ಎತ್ತಿ ನೋಡಿ, "ಇದು ಯಾ ದನಕ್ಕೋ ತಮ್ಮಾ?" ಅಂದರು. ಗಾಡಿಗೆ ಅಂದೆ. "ಮತ್ತ ಗಾಡಿಗಿ ಹಾಕ, ಏನ್ ನೋಡ್ಲತ್ತೀದಿ?"

ಹಾಕಿದೆ. ಹತ್ತು ನಿಮಿಷ. ತೇವ ಇದ್ದದ್ದು ಮೇಲಿನ ಗೇಣುದ್ದ ಮಾತ್ರ, ಕೆಳಗೆ ನೆಲ ಗಟ್ಟಿ. ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತದೆ, ಗಾಲಿ ಸುಮ್ನೆ ತಿರುಗಲು ಬಿಡದೆ, ಚೈನು ಮೇಲಿನ ಅಂಟು ಸೀಳಿ ಕೆಳಗಿನ ಗಟ್ಟಿ ಹಿಡಿಯಿತು. ಗಾಡಿ ಎತ್ತಿನ ಬಂಡಿಯ ವೇಗದಲ್ಲಿ ಹೊಲ ಮುಟ್ಟಿತು, ಭಜ್ಜಿ ಇನ್ನೂ ಬಿಸಿ ಇತ್ತು. ತೊಳೆಯಲಿಕ್ಕೆ ಮಾತ್ರ ಎರಡು ತಾಸು ಹಿಡಿಯಿತು ಮತ್ತು ಕೊಂಡಿಗಳ ಸಂದಿಯ ಮಣ್ಣು ಇವತ್ತಿಗೂ ಹೋಗಿಲ್ಲ.

ಚೈನು ಈಗ ಊರಲ್ಲೇ ಇದೆ, ಕಾಕಾನ ದನದ ಕೊಟ್ಟಿಗೆಯ ಗೂಟಕ್ಕೆ ತೂಗು ಹಾಕಿದ್ದಾರೆ. ಗೆಳೆಯ ಈ ವರ್ಷ ಮತ್ತೆ ಫೋನ್ ಮಾಡಿ ಫೆಬ್ರವರಿಯ ಮಾತು ತೆಗೆದ. ಚೈನು ಕಾಕಾನ ಹತ್ತಿರ ಕೇಳಬೇಕು ಅಂದೆ.